ದಾನಕ್ಕೆ ಬಂದ 22 ಕಂಪ್ಯೂಟರ್: ವಿಜಯಪುರದ ಬೆಂಚಿನಿಂದ ಮನೆಯ ಪ್ಲಗ್ಗಿನವರೆಗೆ

ಸಿದ್ಧೇಶ್ವರ ಜಾತ್ರೆ ಮುಗಿದ ವಾರ, ರಿಪೇರಿ ಮಾಡಿ ಬಡ ಮನೆಗಳಿಗೆ ಕೊಡಲೆಂದು ಒಂದು ಕಾಲೇಜಿನ ಲ್ಯಾಬಿನಿಂದ ಟಂಟಂನಲ್ಲಿ ಬಂದ ಮಾಲಿನ ಲೆಕ್ಕ ಹೀಗಿದೆ. 22 ಕ್ಯಾಬಿನೆಟ್, 19 ಮಾನಿಟರ್, 6 ಯುಪಿಎಸ್, ಒಂದು ಗೋಣಿಚೀಲದ ತುಂಬ ಕೀಬೋರ್ಡು, ಮೌಸು, ವೈರು. ಕ್ಯಾಬಿನೆಟ್‌ಗಳಲ್ಲಿ 10 ಡೆಲ್ ಆಪ್ಟಿಪ್ಲೆಕ್ಸ್ 3020 (ಐ3-4150, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್). 7 ಎಚ್61 ಮದರ್‌ಬೋರ್ಡಿನ ಅಸೆಂಬಲ್ ಮಷಿನ್ (ಬಿಡಿಭಾಗ ಜೋಡಿಸಿ ಮಾಡಿದ್ದು), ಒಳಗೆ ಎರಡನೇ ಮತ್ತು ಮೂರನೇ ಪೀಳಿಗೆಯ ಐ3. ಉಳಿದ 5 ಇನ್ನೂ ಹಳೆಯವು: ಜಿ41 ಬೋರ್ಡು, ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ರ‍್ಯಾಮ್.

ಕಾಲೇಜು ಇವನ್ನು ಕೈಬಿಟ್ಟದ್ದು ಕೆಟ್ಟಿವೆ ಅಂತಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಅಥವಾ ಅದರ ಮೇಲಿನದು ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ನಾಲ್ಕನೇ ಪೀಳಿಗೆಯ ಐ3 ಆ ಗೆರೆಯ ಹೊರಗೆ ಬೀಳುತ್ತದೆ. ಆದರೆ ಸ್ಕಾಲರ್‌ಶಿಪ್ ಅರ್ಜಿ ತುಂಬಲು, ಪಹಣಿ ತೆಗೆಯಲು, ಪಾಠದ ವಿಡಿಯೋ ನೋಡಲು, ಹತ್ತು ಪುಟದ ಪ್ರಾಜೆಕ್ಟ್ ಬರೆಯಲು ಅದರ ಶಕ್ತಿ ಬೇಕಾದಷ್ಟಾಯಿತು. ಒಂದೇ ಮೊಬೈಲನ್ನು ಮೂವರು ಮಕ್ಕಳು ಹಂಚಿಕೊಳ್ಳುವ ಮನೆಗೆ ಇದು ಸಣ್ಣ ವಸ್ತುವಲ್ಲ.

ಈ ದಾಖಲೆಯಲ್ಲಿ ಒಂದು ಮಾತನ್ನು ಮೊದಲಿಂದ ಕೊನೆವರೆಗೆ ಹಿಡಿದಿದ್ದೇವೆ. ಬೆಂಚಿನ ಮೇಲೆ ಚಾಲೂ ಆದರೆ ರಿಪೇರಿ ಅರ್ಧ ಮುಗಿದಂತೆ. ಇನ್ನರ್ಧ ಆ ಮನೆಯ ಪ್ಲಗ್ಗು, ಧೂಳು, ಬಿಸಿಲು, ಮೊಬೈಲ್ ಡೇಟಾಕ್ಕೆ ಸೇರಿದ್ದು. ಕೊಟ್ಟ ಮಷಿನ್ ತಿಂಗಳೊಳಗೆ ನಿಂತರೆ ದಿನಗೂಲಿ ಬಿಟ್ಟು ಅದನ್ನು ಹೊತ್ತು ಅಂಗಡಿಗೆ ಯಾರೂ ಹೋಗುವುದಿಲ್ಲ. ಅದು ಮೂಲೆ ಸೇರುತ್ತದೆ, "ಕಂಪ್ಯೂಟರ್ ನಮ್ಮಂಥವರಿಗಲ್ಲ" ಎಂಬ ಮಾತೂ ಅದರ ಜೊತೆ ಮನೆಯಲ್ಲಿ ಉಳಿಯುತ್ತದೆ.

ಮೊದಲ ದಿನ: ಕಾಗದ, ಆಮೇಲೆ ಡಿಸ್ಕ್

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ದಾನಪತ್ರ ಬೇಕು. ಅದರಲ್ಲಿ ಪ್ರತಿ ಕ್ಯಾಬಿನೆಟ್ಟಿನ ಸೀರಿಯಲ್ ನಂಬರ್, ಕೊಟ್ಟವರ ಸಹಿ, ಮೊಹರು ಇರಲಿ. ನಾಳೆ ಯಾರಾದರೂ "ಇದು ಎಲ್ಲಿಂದ ಬಂತು?" ಎಂದು ಕೇಳಿದರೆ ಮಷಿನ್ ಪಡೆದ ಬಡ ಕುಟುಂಬ ಉತ್ತರ ಕೊಡುವಂತಾಗಬಾರದು. 1ರಿಂದ 22ರವರೆಗೆ ನಂಬರ್ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ, ಒಂದು ವಹಿಯಲ್ಲಿ ನಂಬರಿಗೊಂದು ಪುಟ ಬಿಟ್ಟಿದ್ದೇವೆ. ಬಿಚ್ಚಿದ್ದು, ಹಾಕಿದ್ದು, ಅಳೆದದ್ದು ಎಲ್ಲ ಅದೇ ಪುಟಕ್ಕೆ.

ಡಿಸ್ಕ್ ಒರೆಸುವ ಕೆಲಸವನ್ನು ಯಾರೂ ಮುಂದಕ್ಕೆ ಹಾಕಬಾರದು. ಕಾಲೇಜಿನ ಡಿಸ್ಕ್ ಅಂದರೆ ವಿದ್ಯಾರ್ಥಿಗಳ ಅಂಕಪಟ್ಟಿ, ಆಧಾರ್ ಸ್ಕ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ. ಫಾರ್ಮ್ಯಾಟ್ ಮಾಡಿದರೆ ಅವು ಹೋಗುವುದಿಲ್ಲ. ಮರಳಿ ತೆಗೆಯುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಡಿಸ್ಕ್ ಒರೆಸಲೆಂದೇ ಇರುವ ಶ್ರೆಡ್‌ಓಎಸ್ ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅದರೊಳಗಿನ ಎನ್‌ವೈಪ್‌ನಲ್ಲಿ ಒಂದು ಸುತ್ತು ಸೊನ್ನೆ ಬರೆದು ಪರಿಶೀಲನೆ ಆನ್ ಇಡಿ. ಈಗಿನ ಹಾರ್ಡ್ ಡಿಸ್ಕಿಗೆ ಒಂದೇ ಸುತ್ತು ಸಾಕು, ಏಳು ಸುತ್ತಿನ ಹಳೆಯ ಪದ್ಧತಿಯಿಂದ ಕರೆಂಟು ಮತ್ತು ದಿನ ಎರಡೂ ದಂಡ. ಸೆಕೆಂಡಿಗೆ 100 ಎಂಬಿ ವೇಗ ಇದ್ದರೆ 500 ಜಿಬಿಗೆ ಸುಮಾರು ಒಂದೂವರೆ ಗಂಟೆ, ಪರಿಶೀಲನೆಗೆ ಮತ್ತೆ ಅಷ್ಟೇ. ಬರೆಯಲು ಆಗದೆ ನಡುವೆ ನಿಂತ ಡಿಸ್ಕಿಗೆ ಡ್ರಿಲ್‌ನಿಂದ ತಟ್ಟೆಗಳ ಆಚೆ ಬರುವಂತೆ ಮೂರು ತೂತು ಹೊಡೆದು ಇ-ತ್ಯಾಜ್ಯದ ಡಬ್ಬಿಗೆ ಹಾಕಿ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡ್ರೈವ್) ಬಂದರೆ ಮೇಲೆ ಮೇಲೆ ಬರೆಯುವ ಈ ಕ್ರಮ ನಂಬಿಕೆಯದ್ದಲ್ಲ, ಡ್ರೈವಿನದೇ ಸೆಕ್ಯೂರ್ ಇರೇಸ್ ಆಜ್ಞೆ ಕೊಡಬೇಕು. ಡ್ರೈವ್ "ಫ್ರೋಜನ್" ಎಂದು ತೋರಿಸಿದರೆ ಮಷಿನ್ನನ್ನು ಒಮ್ಮೆ ಸ್ಲೀಪ್ ಮಾಡಿಸಿ ಎಬ್ಬಿಸಿ, ಸಾಮಾನ್ಯವಾಗಿ ಬಿಡುತ್ತದೆ.

ಬಯೋಸ್ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನದೇ ಸೆಟ್ಟಿಂಗ್) ಪಾಸ್‌ವರ್ಡ್ ಇದ್ದ ಮೂರು ಡೆಲ್‌ಗಳಲ್ಲಿ ಬೋರ್ಡಿನ ಮೇಲಿನ ಪಾಸ್‌ವರ್ಡ್ ಜಂಪರ್ (ಎರಡು ಪಿನ್ನು ಕೂಡಿಸುವ ಸಣ್ಣ ಟೊಪ್ಪಿಗೆ) ತೆಗೆದು, ಒಮ್ಮೆ ಚಾಲೂ ಮಾಡಿ, ಬಂದ್ ಮಾಡಿ ಮತ್ತೆ ಹಾಕಿದರೆ ಹೋಯಿತು. ಬೂಟ್ ಮೆನುವಿಗೆ ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9.

ಎರಡು, ಮೂರನೇ ದಿನ: ಎರಿ ಮಣ್ಣಿನ ಧೂಳು

ವಿಜಯಪುರದ ಧೂಳು ಬೇರೆ ಜಾತಿಯದು. ಎರಿ ಮಣ್ಣು ಒಣಗಿದರೆ ಹಿಟ್ಟಿನಷ್ಟು ಸಣ್ಣಗಾಗುತ್ತದೆ, ಫ್ಯಾನಿನ ಹಿಂದೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿ ಹಾಸಿದಂತೆ ಕೂರುತ್ತದೆ. ಮೇಲಿಂದ ನೋಡಿದರೆ ಫ್ಯಾನ್ ಸ್ವಚ್ಛ ಕಾಣುತ್ತದೆ. ಬಿಚ್ಚಿ ನೋಡಿದರೆ ಗಾಳಿ ಹೋಗಲು ಜಾಗವೇ ಇರುವುದಿಲ್ಲ. ಬ್ಲೋವರ್ ಹಿಡಿಯುವಾಗ ಅಂಗಳಕ್ಕೆ ಒಯ್ಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಫ್ಯಾನಿನ ಎಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಫ್ಯಾನ್ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ತಿರುಗುವ ಮೋಟರ್ ತಾನೇ ಕರೆಂಟು ಹುಟ್ಟಿಸಿ ಬೋರ್ಡಿಗೆ ಕಳಿಸುವ ಅಪಾಯವೂ ಇದೆ. ಬ್ಲೋವರಿಗೆ ಬಗ್ಗದ ಪದರವನ್ನು ಒಣ ಪೇಂಟ್ ಬ್ರಷ್‌ನಿಂದ ಕೆದರಿ ಮತ್ತೆ ಊದಬೇಕು. ಒದ್ದೆ ಬಟ್ಟೆ ಬೇಡವೇ ಬೇಡ, ಎರಿ ಮಣ್ಣಿಗೆ ನೀರು ಸೋಕಿದರೆ ಅಂಟಾಗುತ್ತದೆ.

ಪ್ರೊಸೆಸರಿನ ಹಳೆಯ ಪೇಸ್ಟ್ ಎಲ್ಲದರಲ್ಲೂ ಸುಣ್ಣದಂತೆ ಒಣಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಬಟ್ಟೆಯಿಂದ ಹೊಳೆಯುವವರೆಗೆ ಒರೆಸಿ, ನಡುವೆ ಹೆಸರುಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಸಾಕು. ಹೆಚ್ಚು ಹಚ್ಚಿದರೆ ತಂಪಾಗುವುದಿಲ್ಲ, ಬದಿಗೆ ಸೋರುತ್ತದೆ. ಎಚ್61 ಮಷಿನ್‌ಗಳ ಇಂಟೆಲ್ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಿವೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಬಿಡುತ್ತವೆ. ಹಾಕುವಾಗ ಬಾಣಕ್ಕೆ ಎದುರಾಗಿ ತಿರುಗಿಸಿಟ್ಟು, ಮೂಲೆಯಿಂದ ಎದುರು ಮೂಲೆಗೆ ಎರಡೆರಡಾಗಿ ಒತ್ತಿ, "ಟಕ್" ಎಂದು ಕೇಳಿಸಬೇಕು. ಬೋರ್ಡನ್ನು ತಿರುವಿ ನಾಲ್ಕೂ ಕಪ್ಪು ಮೊನೆ ಆಚೆ ಬಂದಿವೆಯೇ ನೋಡಿ. ಒಂದು ಅರ್ಧ ಕೂತರೂ ಮಷಿನ್ ಚಾಲೂ ಆಗುತ್ತದೆ, ಚಳಿಗಾಲದಲ್ಲಿ ಓಡುತ್ತದೆ, ಏಪ್ರಿಲ್ ಬಂದಾಗ ತಾನಾಗಿಯೇ ಬಂದ್ ಆಗತೊಡಗುತ್ತದೆ. ಆದ್ದರಿಂದ ಪ್ರತಿಯೊಂದಕ್ಕೂ ಪ್ರೊಸೆಸರನ್ನು ಪೂರ್ತಿ ದುಡಿಸುವ ಸ್ಟ್ರೆಸ್-ಎನ್‌ಜಿ ಎಂಬ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ ತಾಪ ಬರೆದುಕೊಂಡೆವು. ಐ3-4150ರ ವಿನ್ಯಾಸದ ಶಾಖ 54 ವ್ಯಾಟ್ ಮಾತ್ರ. ಕೋಣೆ 30 ಡಿಗ್ರಿ ಇದ್ದಾಗ ಅದು 70 ದಾಟಿದರೆ ಏನೋ ತಪ್ಪಿದೆ ಅಂತಲೇ ಅರ್ಥ, ಏಕೆಂದರೆ ಬೇಸಿಗೆಯಲ್ಲಿ ತಗಡಿನ ಮನೆಯ ಒಳಗೆ ಅದೇ ಕೋಣೆ 40 ಇರುತ್ತದೆ.

ಕ್ಯಾಬಿನೆಟ್ಟಿನ ಹಿಂದಿನ ಕಾರ್ಡ್ ಪಟ್ಟಿಗಳು ಬಹಳಷ್ಟರಲ್ಲಿ ಬಿದ್ದುಹೋಗಿದ್ದವು. ಆ ಸಂದಿಯಿಂದ ಹಲ್ಲಿ ಒಳಗೆ ಹೋಗುತ್ತದೆ. ಎರಡು ಎಸ್‌ಎಂಪಿಎಸ್‌ಗಳ (ಮನೆಯ ಕರೆಂಟನ್ನು ಮಷಿನ್ನಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ) ಒಳಗೆ ಸುಟ್ಟ ಹಲ್ಲಿ ಸಿಕ್ಕಿತು, ಒಂದರಲ್ಲಿ ಮೊಟ್ಟೆಗಳೂ ಇದ್ದವು. ಸೊಳ್ಳೆ ಜಾಲಿಯ ತುಂಡು ಕತ್ತರಿಸಿ ಒಳಗಿನಿಂದ ಸ್ಕ್ರೂ ಹಾಕಿ ಮುಚ್ಚಿದ್ದೇವೆ. ಅಲ್ಯುಮಿನಿಯಂ ಜಾಲಿಯಾದರೆ ಅಂಚು ಬೋರ್ಡಿಗೆ ತಾಗದಂತೆ ಟೇಪ್ ಸುತ್ತಿ.

ಎಸ್‌ಎಂಪಿಎಸ್

ಇಲ್ಲಿ ಉಳಿತಾಯ ಮಾಡಬಾರದು. 24 ಪಿನ್ನಿನ ಎಸ್‌ಎಂಪಿಎಸ್ ಅನ್ನು ಬೋರ್ಡಿನಿಂದ ಬಿಡಿಸಿ, ಭಾರಕ್ಕೆ ಒಂದು ಹಳೆಯ ಹಾರ್ಡ್ ಡಿಸ್ಕ್ ಜೋಡಿಸಿ, ಹಸಿರು ವೈರನ್ನು ಕಪ್ಪಿಗೆ ಕೂಡಿಸಿದರೆ ಚಾಲೂ ಆಗುತ್ತದೆ. ಹಳದಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಬರಬೇಕು. ನೇರಳೆ ವೈರಿನಲ್ಲಿ ಮಷಿನ್ ಬಂದ್ ಇದ್ದಾಗಲೂ 5 ವೋಲ್ಟ್ ಇರಲೇಬೇಕು. ಅದು ಇಲ್ಲದಿದ್ದರೆ ಬಟನ್ ಎಷ್ಟು ಒತ್ತಿದರೂ ಜೀವ ಬರುವುದಿಲ್ಲ, ಜನ ಸುಮ್ಮನೆ ಬೋರ್ಡ್ ಹೋಗಿದೆ ಅಂದುಕೊಳ್ಳುತ್ತಾರೆ.

ಹಳೆಯ ಕೆಲವು ಎಸ್‌ಎಂಪಿಎಸ್ ಹಿಂದೆ 115/230 ಎಂಬ ಕೆಂಪು ಸ್ವಿಚ್ ಇರುತ್ತದೆ. ಮಕ್ಕಳ ಕೈ ತಾಗಿ ಅದು 115ಕ್ಕೆ ಸರಿದರೆ ಒಳಗಿನ ಸರ್ಕ್ಯೂಟು ವೋಲ್ಟೇಜನ್ನು ದುಪ್ಪಟ್ಟು ಮಾಡುತ್ತದೆ. 200 ವೋಲ್ಟಿನ ಎರಡು ದೊಡ್ಡ ಕೆಪಾಸಿಟರ್‌ಗಳ ಮೇಲೆ ತಲಾ 300ಕ್ಕೂ ಹೆಚ್ಚು ವೋಲ್ಟ್ ಬಿದ್ದು ಪಟಾಕಿ ಹೊಡೆದಂತೆ ಸಿಡಿಯುತ್ತವೆ. 230ಕ್ಕೆ ಇಟ್ಟು ಗ್ಲೂ ಗನ್‌ನಿಂದ ಆ ಸ್ವಿಚ್ಚನ್ನು ಶಾಶ್ವತವಾಗಿ ಮುಚ್ಚಿಬಿಡಿ.

ಆಪ್ಟಿಪ್ಲೆಕ್ಸ್ 3020ಕ್ಕೆ ಮಾತ್ರ ಬೇರೆ ಲೆಕ್ಕ. ಅದರ ಬೋರ್ಡಿಗೆ ಹೋಗುವ ಮುಖ್ಯ ಪ್ಲಗ್ 8 ಪಿನ್ನಿನದು, ಪೇಟೆಯಲ್ಲಿ ಸಿಗುವ 24 ಪಿನ್ನಿನದು ನೇರವಾಗಿ ಕೂರುವುದಿಲ್ಲ. ಬೋರ್ಡ್ ಸತ್ತ ಒಂದು ಡೆಲ್‌ನ ಎಸ್‌ಎಂಪಿಎಸ್ ತೆಗೆದು ಇನ್ನೊಂದಕ್ಕೆ ಹಾಕಿದೆವು. ಒಂದೇ ಮಾದರಿಯ ಹತ್ತು ಮಷಿನ್ ಒಟ್ಟಿಗೆ ಬಂದರೆ ಇದೇ ಲಾಭ. ಅವುಗಳಲ್ಲಿ ಒಂದು ಉಳಿದ ಒಂಬತ್ತಕ್ಕೆ ಬಿಡಿಭಾಗಗಳ ಪೆಟ್ಟಿಗೆಯಾಗುತ್ತದೆ.

ಇನ್ನೊಂದು, ಬಹಳ ಜನ ಓದದ ಜಾಗ: ಎಸ್‌ಎಂಪಿಎಸ್ ಲೇಬಲ್ಲಿನಲ್ಲಿ "ಇನ್‌ಪುಟ್" ಎಂಬ ಸಾಲು. ನಮ್ಮ ಡೆಲ್‌ಗಳಲ್ಲಿ 100ರಿಂದ 240 ವೋಲ್ಟ್ ಎಂದಿತ್ತು, ಅಸೆಂಬಲ್ ಮಷಿನ್‌ಗಳಲ್ಲಿ 200ರಿಂದ 240. ಈ ಸಾಲು ಯಾವ ಮಷಿನ್ ಯಾವ ಮನೆಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿತು. ಅದು ಮುಂದೆ ಬರುತ್ತದೆ.

ಉಬ್ಬಿದ ಕೆಪಾಸಿಟರ್

ಎಚ್61ರ ಎರಡು ಬೋರ್ಡುಗಳ ಲಕ್ಷಣ ಒಂದೇ. ಬಟನ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ, ನಾಲ್ಕೈದು ಸಲ ಒತ್ತಿದ ಮೇಲೆ ಹಿಡಿದುಕೊಳ್ಳುತ್ತದೆ, ಬಿಸಿಯಾದ ಮೇಲೆ ಬಂದ್ ಮಾಡಿ ಚಾಲೂ ಮಾಡಿದರೆ ಸರಿ ಇರುತ್ತದೆ. ರ‍್ಯಾಮ್ ಸ್ಲಾಟಿನ ಹತ್ತಿರ 6.3 ವೋಲ್ಟ್ 1000 ಮೈಕ್ರೋಫ್ಯಾರಡ್ಡಿನ ಮೂರು ಕೆಪಾಸಿಟರ್‌ಗಳ ನೆತ್ತಿ ಪೂರಿಯಂತೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಕಲೆ.

ಬದಲಿಗೆ ತರುವಾಗ ಅಂಗಡಿಯಲ್ಲಿ ನಾಲ್ಕು ಹೇಳಬೇಕು: 1000 ಮೈಕ್ರೋಫ್ಯಾರಡ್, 6.3 ಅಥವಾ 10 ವೋಲ್ಟ್, 105 ಡಿಗ್ರಿ, ಲೋ ಇಎಸ್‌ಆರ್ (ಒಳಗಿನ ಪ್ರತಿರೋಧ ಕಡಿಮೆ ಇರುವುದು). ವೋಲ್ಟ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. 85 ಡಿಗ್ರಿಯ ಮಾಮೂಲಿ ಕೆಪಾಸಿಟರ್ ಹಾಕಿದರೆ ಮಷಿನ್ ಚಾಲೂ ಆಗುತ್ತದೆ, ನಮ್ಮ ಬೇಸಿಗೆಯಲ್ಲಿ ಬಾಳುವುದಿಲ್ಲ. ವ್ಯಾಸವನ್ನೂ ನೋಡಿ: ಹಳೆಯದು 8 ಮಿಲಿಮೀಟರ್ ಇದ್ದ ಕಡೆ 10ರದು ಕೂರದು, ರ‍್ಯಾಮಿನ ಕ್ಲಿಪ್ಪಿಗೆ ಅಡ್ಡ ಬರುತ್ತದೆ.

ತೆಗೆಯುವುದೇ ಕಷ್ಟದ ಕೆಲಸ. ನೆಗೆಟಿವ್ ಕಾಲು ಬೋರ್ಡಿನ ಒಳಗಿನ ದೊಡ್ಡ ತಾಮ್ರದ ಪದರಕ್ಕೆ ಸೇರಿರುತ್ತದೆ. ಐರನ್ ಕೊಟ್ಟ ಶಾಖವನ್ನೆಲ್ಲ ಆ ತಾಮ್ರ ಕುಡಿಯುತ್ತದೆ, 25 ವ್ಯಾಟಿನ ಐರನ್ ಅಲ್ಲಿ ಸೋಲುತ್ತದೆ. 60 ವ್ಯಾಟಿನ, ಉಳಿ ಮೊನೆಯ ಐರನ್ನನ್ನು 370 ಡಿಗ್ರಿಗೆ ಇಡಿ. ಮೊದಲು ಫ್ಲಕ್ಸ್ ಹಚ್ಚಿ, ಹಳೆಯ ಸೋಲ್ಡರಿನ ಮೇಲೆ ಸ್ವಲ್ಪ ಹೊಸ ಸೀಸದ ಸೋಲ್ಡರ್ ಸೇರಿಸಿ. ಸೀಸವಿಲ್ಲದ ಹಳೆಯ ಸೋಲ್ಡರ್ ಹೆಚ್ಚು ಶಾಖ ಕೇಳುತ್ತದೆ, ಹೊಸದು ಬೆರೆತರೆ ಬೇಗ ಕರಗುತ್ತದೆ. ಒಂದು ಕಾಲಿಗೆ ಐರನ್ ಹಿಡಿದು ಕೆಪಾಸಿಟರನ್ನು ಆ ಕಡೆ ಓರೆ ಮಾಡಿ, ಇನ್ನೊಂದು ಕಾಲಿಗೆ ಹಿಡಿದು ಈ ಕಡೆ ಓರೆ ಮಾಡಿ. ಹೀಗೆ ನಾಲ್ಕು ಸಲಕ್ಕೆ ತಾನೇ ಈಚೆ ಬರುತ್ತದೆ. ಎಳೆದರೆ ತೂತಿನ ಒಳಗಿನ ತಾಮ್ರದ ಕೊಳವೆಯೂ ಕಿತ್ತು ಬರುತ್ತದೆ, ಆಗ ಬೋರ್ಡೇ ಹೋದಂತೆ. ತೂತಿನಲ್ಲಿ ಉಳಿದ ಸೋಲ್ಡರನ್ನು ಡಿಸೋಲ್ಡರ್ ಪಂಪಿನಿಂದ ಹೀರಿ, ಬರದಿದ್ದರೆ ಸ್ಟೀಲಿನ ಹೊಲಿಗೆ ಸೂಜಿಯನ್ನು ಬಿಸಿಯಾಗಿರುವಾಗಲೇ ತೂರಿಸಿ. ಸ್ಟೀಲಿಗೆ ಸೋಲ್ಡರ್ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಹೊಸದನ್ನು ಹಾಕುವಾಗ ಮೈಮೇಲಿನ ಪಟ್ಟಿ ನೆಗೆಟಿವ್ ಕಡೆಗೆ. ಬೋರ್ಡಿನ ಗುರುತು ಕಂಪನಿಗೊಂದು ಥರ ಇರುತ್ತದೆ, ಹಾಗಾಗಿ ಹಳೆಯದನ್ನು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಒಟ್ಟು ಆರು ಕೆಪಾಸಿಟರಿಗೆ ಎರಡು ಬೋರ್ಡು ಉಳಿದವು.

ರ‍್ಯಾಮ್, ಎಸ್‌ಎಸ್‌ಡಿ, ಮಾನಿಟರ್

ವಿಂಡೋಸ್ ಬದಲು ನಾವು ಹಾಕುವುದು ಪುಕ್ಕಟೆ ಸಿಗುವ ಲಿನಕ್ಸ್, 4 ಜಿಬಿಯಲ್ಲಿ ಅದು ಓಡುತ್ತದೆ. ಬ್ರೌಸರಿನಲ್ಲಿ ಅರ್ಜಿ, ವಿಡಿಯೋ, ಪಿಡಿಎಫ್ ಮೂರೂ ತೆರೆದರೆ ಏದುಸಿರು ಬಿಡುತ್ತದೆ. ಆದ್ದರಿಂದ ಮನೆಗೆ ಹೋಗುವ 15 ಮಷಿನ್ನಿಗೂ 8 ಜಿಬಿ ಎಂದು ನಿರ್ಧಾರ, ಅಂದರೆ 4 ಜಿಬಿಯ 30 ಸ್ಟಿಕ್. ಕೈಯಲ್ಲಿದ್ದದ್ದು 14. ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಆಲ್ಕೋಹಾಲಿನಿಂದ ಒರೆಸಿ, ಮೆಮ್‌ಟೆಸ್ಟ್86+ ಎಂಬ ಮೆಮರಿ ಪರೀಕ್ಷೆಯನ್ನು ಒಂದು ಪೂರ್ತಿ ಸುತ್ತು ಓಡಿಸಿದಾಗ 2 ಬಿದ್ದವು. ಉಳಿದ 18ನ್ನು ಕೊಂಡೆವು.

ಕೊಳ್ಳುವಾಗಿನ ಒಂದು ಪೆಟ್ಟು: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ ಡಿಡಿಆರ್3 ಸ್ಟಿಕ್ಕುಗಳಲ್ಲಿ ನಾಲ್ಕು ಇಂಟೆಲ್ ಬೋರ್ಡಿನಲ್ಲಿ ಚಾಲೂ ಆಗಲೇ ಇಲ್ಲ. ವಿವರಣೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಎಎಂಡಿಗೆ ಮಾತ್ರ" ಎಂದಿತ್ತು. ಅಂಥವುಗಳಲ್ಲಿ ಎಕ್ಸ್4 ಎಂಬ ಜೋಡಣೆಯ ಚಿಪ್ಪುಗಳಿರುತ್ತವೆ, ಇಂಟೆಲ್ ಡೆಸ್ಕ್‌ಟಾಪ್‌ಗಳ ಮೆಮರಿ ಕಂಟ್ರೋಲರ್ ಅವನ್ನು ಗುರುತಿಸುವುದಿಲ್ಲ. ಸ್ಟಿಕ್ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ, ಎರಡಕ್ಕೂ ಭಾಷೆ ಕೂಡುವುದಿಲ್ಲ. ಜಿ41 ಬೋರ್ಡಿಗೆ ಇನ್ನೊಂದು ಹಠ: ಒಂದೇ ಬದಿಗೆ 8 ಚಿಪ್ ಇರುವ 4 ಜಿಬಿ ಸ್ಟಿಕ್ ಅದಕ್ಕೆ ಆಗದು, ಎರಡೂ ಬದಿ ಸೇರಿ 16 ಚಿಪ್ ಇರಬೇಕು.

ಎಸ್‌ಎಸ್‌ಡಿ ಹಾಕದೆ ಮನೆಗಳಿಗೆ ಮಷಿನ್ ಕೊಡಬೇಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಬೂಟ್ ಆಗಲು ಎರಡು ನಿಮಿಷ ಹಿಡಿದರೆ ಹೊಸಬರು "ಕೆಟ್ಟಿದೆ" ಎಂದು ಸ್ವಿಚ್ ತೆಗೆದುಬಿಡುತ್ತಾರೆ. 240 ಜಿಬಿಯ ಸಾಟಾ ಎಸ್‌ಎಸ್‌ಡಿ ಸಾಕು. ಬಂದ ಕೂಡಲೇ ಎಫ್3 ಎಂಬ ಸಾಧನದಿಂದ ಪೂರ್ತಿ ತುಂಬಿ ಓದಿಸಿ, ಸುಳ್ಳು ಅಳತೆ ತೋರಿಸುವ ನಕಲಿ ಡ್ರೈವ್ ಅಲ್ಲೇ ಸಿಕ್ಕಿಬೀಳುತ್ತದೆ. ಡಬಲ್ ಟೇಪಿನಿಂದ ಅಂಟಿಸಬೇಡಿ, ಮೇ ತಿಂಗಳಲ್ಲಿ ಅಂಟು ಕರಗಿ ಡ್ರೈವ್ ಕೇಬಲ್ಲಿಗೆ ಜೋತು ಬೀಳುತ್ತದೆ. ಬ್ರ್ಯಾಕೆಟ್ ಹಾಕಿ, ಸ್ಕ್ರೂ ಎಂ3 ಅಳತೆಯದು, ಹಾರ್ಡ್ ಡಿಸ್ಕಿನ ದಪ್ಪ ಸ್ಕ್ರೂ ಅದಕ್ಕೆ ಆಗದು. ಹಳೆಯ ಹಾರ್ಡ್ ಡಿಸ್ಕುಗಳನ್ನು ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ: 5, 197, 198ನೇ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದರೆ ಬಿಟ್ಟುಬಿಡಿ. 199 ಏರುತ್ತಿದ್ದರೆ ಡಿಸ್ಕಿನದಲ್ಲ, ಸಾಟಾ ಕೇಬಲ್ಲಿನ ತಪ್ಪು.

ಸಿಆರ್2032 ಬಟನ್ ಸೆಲ್ ಎಲ್ಲದಕ್ಕೂ ಹೊಸದು. ಇದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪಾದರೆ ಬ್ರೌಸರ್ ಯಾವ ಸರ್ಕಾರಿ ಜಾಲತಾಣವನ್ನೂ ಸುರಕ್ಷಿತ ಎಂದು ಒಪ್ಪುವುದಿಲ್ಲ. ಮನೆಯವರಿಗೆ ಕಾಣುವುದು "ನೆಟ್ ಬರ್ತಿಲ್ಲ" ಅಂತ ಮಾತ್ರ.

19 ಮಾನಿಟರಿನಲ್ಲಿ 4 ಕತ್ತಲೆ. ಮೂರರಲ್ಲಿ ಪವರ್ ಬೋರ್ಡಿನ 25 ವೋಲ್ಟಿನ ಕೆಪಾಸಿಟರ್ ಉಬ್ಬಿದ್ದವು, ಬದಲಿಸಿದೆವು. ಒಂದರ ಪ್ಯಾನೆಲ್ ಒಡೆದಿತ್ತು. ಪರದೆ ಹಳದಿ ಕಂಡರೆ ಮಾನಿಟರ್ ಕೆಟ್ಟಿಲ್ಲ, ವಿಜಿಎ ಕೇಬಲ್ಲಿನ 3ನೇ ಪಿನ್ ಬಾಗಿ ನೀಲಿ ಬರುತ್ತಿಲ್ಲ ಎಂದರ್ಥ. 9ನೇ ಪಿನ್ ಇಲ್ಲದಿರುವುದು ಮಾತ್ರ ಬಹಳ ಕೇಬಲ್ಲಿನಲ್ಲಿ ತಯಾರಿಕೆಯಿಂದಲೇ ಹಾಗೆ, ಮುರಿದದ್ದಲ್ಲ.

ಸಾಫ್ಟ್‌ವೇರ್, ಕನ್ನಡ

ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಹಳೆಯ ಗ್ರಾಫಿಕ್ಸಿಗೆ ಭಾರವಲ್ಲ. ಪೆನ್‌ಡ್ರೈವಿನ ಮೊದಲ ಮೆನುವಿನಲ್ಲೇ ಒಇಎಂ ಇನ್‌ಸ್ಟಾಲ್ ಎಂಬ ಆಯ್ಕೆ ಇದೆ, ಅದನ್ನೇ ಆರಿಸಿ. ನಾವು ಎಲ್ಲ ಹಾಕಿ ಮುಗಿಸಿ ಕೊನೆಯ ಬಟನ್ ಒತ್ತಿದರೆ, ಮನೆಯಲ್ಲಿ ಮೊದಲ ಸಲ ಚಾಲೂ ಮಾಡಿದವರನ್ನೇ ಅದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ನಮಗೆ ಗೊತ್ತಿರಬಾರದು, ಅದು ಅವರ ಮಷಿನ್.

ಕನ್ನಡಕ್ಕೆ ಎರಡು ಪ್ಯಾಕೇಜು: ಅಕ್ಷರಗಳಿಗೆ ಫಾಂಟ್ಸ್-ಕೆಎನ್‌ಡಿಎ (ಗುಬ್ಬಿ, ನವಿಲು ಫಾಂಟುಗಳು ಇದರಲ್ಲಿ ಬರುತ್ತವೆ), ಬರೆಯಲು ಐಬಸ್-ಎಂ17ಎನ್. ಅದರಲ್ಲಿ ಕೆಜಿಪಿ ಎಂದಿರುವುದೇ ಕಗಪ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರ ಬೆರಳಿಗೆ ಕೂತಿರುವುದು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಹಾಕಿದ ಮೇಲೆ ಮೂರು ಪದ ಬರೆದು ನೋಡಬೇಕು: ಅರ್ಜಿ, ಕ್ಷೇತ್ರ, ರ‍್ಯಾಂಕ್. ಮೊದಲ ಎರಡು ಸರಿ ಬಂದು ಮೂರನೆಯದರಲ್ಲಿ ರ ಹೋಗಿ ಅರ್ಕಾವತ್ತಾಗಿ ಕೂತರೆ ಬರೆದ ಕ್ರಮದಲ್ಲೋ ಫಾಂಟಿನಲ್ಲೋ ಜೋಡಕದ ತೊಂದರೆ ಇದೆ. ಬ್ರೌಸರ್, ಲಿಬ್ರೆಆಫೀಸ್ ಎರಡರಲ್ಲೂ ನೋಡಿ. ವಿನ್ಯಾಸದ ಚಿತ್ರವನ್ನು ಎ4 ಹಾಳೆಗೆ ಮುದ್ರಿಸಿ ಲ್ಯಾಮಿನೇಷನ್ ಮಾಡಿ ಕೊಡುತ್ತೇವೆ. ಕೀಲಿಗೆ ಅಂಟಿಸುವ ಸ್ಟಿಕ್ಕರ್ ಬೆವರಿಗೆ ಬೇಗ ಏಳುತ್ತದೆ.

ಮೊದಲೇ ಹೇಳಿಬಿಡಬೇಕಾದ ಒಂದು ಸಂಗತಿ: ಪಂಚಾಯ್ತಿಯಿಂದಲೋ ಸಾಲಿಯಿಂದಲೋ ಬಂದ ಹಳೆಯ ವರ್ಡ್ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಅದು ನುಡಿಯ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದದ್ದು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ಬುಕ್‌ಮಾರ್ಕಿನಲ್ಲಿ ಇಟ್ಟಿದ್ದೇವೆ. ಅದೇ ಸಾಲಿನಲ್ಲಿ ಸೇವಾಸಿಂಧು, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಭೂಮಿ, ನಾಡಕಚೇರಿ, ಡಿಜಿಲಾಕರ್. ನೆಟ್ ಇಲ್ಲದಾಗಲೂ ಕೆಲಸಕ್ಕೆ ಬರಲಿ ಎಂದು ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯ, ಮತ್ತು ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್ ಪುಸ್ತಕಗಳು.

ನೆಟ್ಟಿಗೆ ವೈಫೈ ಡಾಂಗಲ್ ಕೊಳ್ಳುವ ಅಗತ್ಯವಿಲ್ಲ. ಮೊಬೈಲನ್ನು ಚಾರ್ಜಿಂಗ್ ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಯಾವ ಡ್ರೈವರನ್ನೂ ಕೇಳದೆ ಹಿಡಿದುಕೊಳ್ಳುತ್ತದೆ, ಫೋನೂ ಚಾರ್ಜ್ ಆಗುತ್ತದೆ. ಚಾರ್ಜಿಗೆ ಮಾತ್ರ ಆಗುವ ಅಗ್ಗದ ಕೇಬಲ್ಲಿನಲ್ಲಿ ಡೇಟಾ ವೈರ್ ಇರುವುದಿಲ್ಲ, ಅದರಿಂದ ಆಗದು. ಅಪ್‌ಡೇಟ್ ತಾನಾಗಿ ಇಳಿಯದಂತೆ ಬಂದ್ ಮಾಡಿದ್ದೇವೆ, ಇಲ್ಲವಾದರೆ ಅವರ ದಿನದ ಡೇಟಾ ಅರ್ಧ ಗಂಟೆಯಲ್ಲಿ ಖಾಲಿ. ತಿಂಗಳಿಗೊಮ್ಮೆ ನಾವೇ ಹೋಗಿ ನಮ್ಮ ಹಾಟ್‌ಸ್ಪಾಟಿನಲ್ಲಿ ಹಾಕುತ್ತೇವೆ.

ಮನೆಯ ಪ್ಲಗ್

ಮಷಿನ್ ಒಯ್ಯುವ ಮೊದಲು ಮಲ್ಟಿಮೀಟರ್ ಮತ್ತು 100 ವ್ಯಾಟಿನ ಟೆಸ್ಟ್ ಲ್ಯಾಂಪ್ ಹಿಡಿದು ಎಲೆಕ್ಟ್ರಿಷಿಯನ್ ಹೋಗುತ್ತಾರೆ. ಮೂರು ತೂತಿನ ಪ್ಲಗ್ ಇದೆ ಅಂದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಹಳೆಯ ಊರಿನ ಬಹಳ ಮನೆಗಳಲ್ಲಿ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ.

ಅರ್ಥ್ ಇಲ್ಲದಾಗ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಅದಕ್ಕೆ ಮಷಿನ್ ಕೆಟ್ಟಿರಬೇಕಿಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಮೈಗೆ ಒಂದು, ನ್ಯೂಟ್ರಲ್‌ನಿಂದ ಮೈಗೆ ಒಂದು ಹೀಗೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ, ವಿದ್ಯುತ್ ಗದ್ದಲವನ್ನು ಅರ್ಥಿಗೆ ಇಳಿಸಲು. ಅರ್ಥ್ ಇಲ್ಲದಿದ್ದರೆ ಅವೆರಡರ ನಡುವೆ ಸಿಕ್ಕ ಕ್ಯಾಬಿನೆಟ್ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಕರೆಂಟು ಒಂದು ಮಿಲಿ ಆಂಪಿಯರಿಗೂ ಕಡಿಮೆ, ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಒಮ್ಮೆ ಜುಮ್ಮೆಂದರೆ ತಾಯಿ ಮಗುವನ್ನು ಮತ್ತೆ ಅದರ ಹತ್ತಿರ ಬಿಡುವುದಿಲ್ಲ. ಬಿಡಬಾರದು ಕೂಡ, ಏಕೆಂದರೆ ನಾಳೆ ನಿಜವಾಗಿಯೇ ಫೇಸ್ ಮೈಗೆ ತಾಗಿದರೆ ತಡೆಯುವ ಏರ್ಪಾಡು ಆ ಮನೆಯಲ್ಲಿಲ್ಲ.

ಮೀಟರಿನಲ್ಲಿ ಫೇಸ್‌ನಿಂದ ಅರ್ಥಿಗೆ 230 ತೋರಿಸಿದರೂ ನಂಬಬೇಡಿ. ಮೀಟರ್ ಎಳೆಯುವ ಕರೆಂಟು ಅತ್ಯಲ್ಪ, ತುಕ್ಕು ಹಿಡಿದ ಕಡ್ಡಿಯೂ ಅಷ್ಟನ್ನು ಕೊಡುತ್ತದೆ. 100 ವ್ಯಾಟಿನ ಬಲ್ಬನ್ನು ಫೇಸ್ ಮತ್ತು ಅರ್ಥ್ ನಡುವೆ ಹಿಡಿದಾಗ ಪೂರ್ತಿ ಬೆಳಕು ಬಂದರೆ ಅರ್ಥ್ ಕೆಲಸಕ್ಕೆ ಬರುತ್ತದೆ ಎನ್ನಬಹುದು, ಮಂಕಾದರೆ ಹೆಸರಿಗಷ್ಟೇ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಅರ್ಥಿಗೆ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಬಲ್ಬ್ ಹೊತ್ತುವ ಮೊದಲೇ ಅದು ಬೀಳುತ್ತದೆ, ಅದು ಒಳ್ಳೆಯ ಸುದ್ದಿ.

ಅರ್ಥ್ ಇಲ್ಲದ ಮನೆಯಲ್ಲಿ ಮಾಡಬಾರದ್ದು ಮೂರು: ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ನಲ್ಲಿ ಪೈಪಿಗೆ ವೈರ್ ಸುತ್ತುವುದು, ಪ್ಲಗ್ಗಿನಲ್ಲಿ ಅರ್ಥನ್ನು ನ್ಯೂಟ್ರಲ್ಲಿಗೆ ಕೂಡಿಸುವುದು. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಸರಿಯಾದ ದಾರಿ ಗುಂಡಿಯೇ: 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ, ಮೇಲೆ ನೀರು ಹಾಕಲು ಕೊಳವೆ. ಎರಿ ಮಣ್ಣು ಹಸಿ ಇದ್ದಾಗ ಅರ್ಥಿಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಪೈಪಿನಿಂದ ದೂರ ಸರಿಯುತ್ತದೆ, ಹೋಳಿ ಹುಣ್ಣಿಮೆಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಂದು ಕೊಡ ನೀರು ಹಾಕಬೇಕು. ಅಕ್ಕಪಕ್ಕದ ಎರಡು ಮನೆ ಸೇರಿ ಒಂದು ಗುಂಡಿ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ.

ಇನ್ನು ವೋಲ್ಟೇಜು. ತೋಟದ ವಸ್ತಿಗಳಲ್ಲಿ ಪಂಪ್‌ಸೆಟ್ ಚಾಲೂ ಇದ್ದಾಗ 170ಕ್ಕೆ ಇಳಿಯುವುದುಂಟು. 200ರಿಂದ ಶುರುವಾಗುವ ಎಸ್‌ಎಂಪಿಎಸ್ ಅಲ್ಲಿ ಮೇಲಿಂದ ಮೇಲೆ ಮಷಿನ್ನನ್ನು ರೀಸ್ಟಾರ್ಟ್ ಮಾಡುತ್ತದೆ, ಅಂಗಡಿಗೆ ತಂದರೆ ಅಲ್ಲಿ ಯಾವ ದೋಷವೂ ಕಾಣುವುದಿಲ್ಲ. ಅದಕ್ಕೇ ಲೇಬಲ್ ಓದಿದ್ದು: 9 ಡೆಲ್‌ಗಳಲ್ಲಿ ವಸ್ತಿಗಳಿಗೆ ಬೇಕಾದಷ್ಟು ಮೊದಲು ತೆಗೆದಿಟ್ಟು, ಅಸೆಂಬಲ್ ಮಷಿನ್‌ಗಳನ್ನು ಊರೊಳಗಿನ ಮನೆಗಳಿಗೆ ಕೊಟ್ಟೆವು. ಬಯೋಸ್‌ನಲ್ಲಿ ಎಸಿ ರಿಕವರಿ ಎಂಬುದನ್ನು "ಪವರ್ ಆಫ್" ಇಡಿ. ಕರೆಂಟು ಹೋಗಿ ಬಂದು ಆಟವಾಡುವಾಗ ಮಷಿನ್ ತಾನಾಗಿ ಏಳಬಾರದು. ಬಂದ 6 ಯುಪಿಎಸ್‌ಗಳ ಬ್ಯಾಟರಿಗಳೂ ಸತ್ತಿದ್ದವು: ಸುಮ್ಮನೆ ಅಳೆದರೆ 12.6 ವೋಲ್ಟ್, ಭಾರ ಹಾಕಿದ ಕೂಡಲೇ 10ರ ಕೆಳಗೆ. ಹೊಸ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಹಾಕಿದ 4ನ್ನು ವಸ್ತಿಗಳಿಗೇ ಕೊಟ್ಟಿದ್ದೇವೆ.

ಇಡುವ ಜಾಗವನ್ನೂ ನೋಡಿ ಬರಬೇಕು. ನೆಲದ ಮೇಲೆ ಬೇಡ, ನೆಲ ತೊಳೆವ ನೀರು ಮುಟ್ಟದಂತೆ ಒಂದು ಅಡಿ ಎತ್ತರದ ಹಲಗೆ ಇರಲಿ. ರೊಟ್ಟಿ ಬಡಿಯುವ ಜಾಗದಿಂದ ದೂರ ಇರಲಿ, ಜೋಳದ ಹಿಟ್ಟು ಹೊರಗಿನ ಧೂಳಿಗಿಂತ ಬೇಗ ಫ್ಯಾನಿಗೆ ಹತ್ತುತ್ತದೆ. ಟಿವಿಗೆ ಹಾಕುವಂತೆ ಕಸೂತಿ ಬಟ್ಟೆ ಹೊದಿಸುವ ಪ್ರೀತಿಯನ್ನು ಬೇಡ ಎನ್ನಬಾರದು. "ಬಂದ್ ಮಾಡಿದ ಮ್ಯಾಲ ಹೊದಸ್ರೀ, ಚಾಲೂ ಇದ್ದಾಗ ತಗೀರಿ" ಎಂದು ಹೇಳಿದರೆ ಸಾಕು.

ಲೆಕ್ಕ

22ರಲ್ಲಿ 15 ಮನೆಗಳಿಗೆ: 9 ಡೆಲ್, 6 ಎಚ್61. ಜಿ41ರ 3 ಮಷಿನ್ ಹಳೆಯ ಹಾರ್ಡ್ ಡಿಸ್ಕಿನೊಂದಿಗೇ ಕನ್ನಡ ಟೈಪಿಂಗ್ ಅಭ್ಯಾಸಕ್ಕೆ ಒಂದು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ. 2 ಜಿ41 ಮತ್ತು ಬೋರ್ಡ್ ಸತ್ತ 1 ಡೆಲ್ ಬಿಡಿಭಾಗಕ್ಕೆ. ಉಳಿದ ಬೋರ್ಡು, ಬ್ಯಾಟರಿ, ಒಡೆದ ಪ್ಯಾನೆಲ್ ಗುಜರಿಗೆ ಹೋಗಬಾರದು, ಅಲ್ಲಿ ತಾಮ್ರಕ್ಕಾಗಿ ವೈರ್ ಸುಡುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಟ್ಟು ರಸೀದಿ ಪಡೆದು ವಹಿಗೆ ಅಂಟಿಸಬೇಕು.

ಬೆಂಚಿನ ಮೇಲೆ ಉಳಿದಿರುವುದು ಒಂದೇ, 17ನೇ ನಂಬರಿನ ಎಚ್61. ಎಸ್‌ಎಂಪಿಎಸ್ ಬದಲಿಸಿಯಾಯಿತು, ರ‍್ಯಾಮ್ ಬದಲಿಸಿಯಾಯಿತು, ಕೂಲರಿನ ನಾಲ್ಕೂ ಪಿನ್ ಕೂತಿವೆ. ಆದರೂ ಸ್ಟ್ರೆಸ್ ಪರೀಕ್ಷೆಯ ಇಪ್ಪತ್ತನೇ ನಿಮಿಷಕ್ಕೆ ಸರಿಯಾಗಿ ನಿಲ್ಲುತ್ತದೆ, ಆಗ ಪ್ರೊಸೆಸರ್ 61 ಡಿಗ್ರಿ ಮಾತ್ರ. ಪ್ರೊಸೆಸರಿಗೆ ಕರೆಂಟು ಕೊಡುವ ಮಾಸ್‌ಫೆಟ್ ಎಂಬ ಸಣ್ಣ ಚಿಪ್ಪುಗಳಲ್ಲಿ ಒಂದು ಉಳಿದವಕ್ಕಿಂತ ಬಹಳ ಬಿಸಿ ಇದೆ. ಅದರ ನಂಬರ್ ಓದಿ ಬರೆದಿಟ್ಟಿದ್ದೇವೆ, ಬಿಡಿಭಾಗಕ್ಕೆ ತೆಗೆದ ಬೋರ್ಡುಗಳಲ್ಲಿ ಅದೇ ನಂಬರಿನದನ್ನು ಹುಡುಕುತ್ತಿದ್ದೇವೆ.